ಚಿನ್ನದ ರೇಕಿನ ದೇವರ ಪಟಗಳು

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳವರೇ ಬಹುಮಂದಿ. ಅವರಲ್ಲಿ ಕೆಲವರ ಮನೆಯ ದೇವರ ಕೋಣೆಯಲ್ಲಿ, ದೀಪದ ಹೊಗೆಯಿಂದ ಕಂದಿದ ಗಾಜಿನ ಹಿಂದೆ, ಮುತ್ತಜ್ಜನ ಕಾಲದ ಒಂದು ಪಟವಿರುವುದುಂಟು. ಶ್ರೀರಾಮ ಪಟ್ಟಾಭಿಷೇಕವೋ, ಗಿರಿಜಾ ಕಲ್ಯಾಣವೋ, ರಾಜರಾಜೇಶ್ವರಿಯೋ ಅದರ ವಸ್ತು. ಸಂಜೆ ದೀಪ ಹಚ್ಚಿದಾಗ ಕಿರೀಟದ ಅಂಚು, ಕೊರಳ ಹಾರ, ಸೆರಗಿನ ಜರಿ, ಮಂಟಪದ ಕಂಬಗಳು ಮಿನುಗುತ್ತವೆ. ಉಳಿದುದೆಲ್ಲ ಮಬ್ಬಿನಲ್ಲಿ ಅಡಗಿರುತ್ತದೆ. ಆ ಮಿನುಗು ಅಪ್ಪಟ ಚಿನ್ನದ್ದು. ಇಂತಹ ಪಟಗಳನ್ನು ಮೈಸೂರು ಸಂಪ್ರದಾಯದ ಚಿತ್ರಗಳೆಂದು ಕರೆಯುವುದು ವಾಡಿಕೆ. ಇವುಗಳ ಪೂರ್ವೋತ್ತರ, ಇವುಗಳನ್ನು ರಚಿಸುವ ಕ್ರಮ, ಮತ್ತು ಮುಖ್ಯವಾಗಿ ಇವು ನಮ್ಮ ಕಣ್ಣೆದುರಿಗೇ ಕೆಡುತ್ತಿರುವ ಬಗೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಕೆಡಿಸಿದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಚಿತ್ರಕಲೆಯ ಅಧ್ಯಾಪಕನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೊಳೆನರಸೀಪುರದ ಕಡೆಯ ಹುಡುಗನೊಬ್ಬ ತನ್ನ ಮನೆಯ ಪಟ್ಟಾಭಿಷೇಕದ ಪಟವನ್ನು ಪಂಚೆಯಲ್ಲಿ ಸುತ್ತಿಕೊಂಡು ತರಗತಿಗೆ ತಂದನು. ಗಾಜು ಒಡೆದಿತ್ತು, ಚೌಕಟ್ಟು ಸಡಿಲವಾಗಿತ್ತು, ಚಿತ್ರದ ಮೇಲೆ ಧೂಳು ಹೊಗೆ ಎರಡೂ ಕುಳಿತಿದ್ದವು. ಮಕ್ಕಳಿಗೆ ಚೆನ್ನಾಗಿ ಕಾಣಲೆಂದು ನಾನು ಒದ್ದೆ ಬಟ್ಟೆಯಿಂದ ಮೇಲಿನ ಮೂಲೆಯನ್ನು ಒರೆಸಿದೆನು. ಧೂಳು ಹೋಯಿತು. ಅದರ ಜೊತೆಗೆ ಮಂಟಪದ ಕಮಾನಿನ ಒಂದು ಗೇಣು ಭಾಗವೂ ಹಳದಿ ಕೆಸರಾಗಿ ಬಟ್ಟೆಗೆ ಬಂದಿತು. ಹುಡುಗನು ಮೆಲ್ಲನೆ, "ಸಾರ್, ಚಿನ್ನ ಬಟ್ಟೆಗೆ ಬಂತು" ಎಂದನು. ಮರುದಿನ ಅವನ ಅಜ್ಜಿ ಶಾಲೆಗೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ ನನಗೆ ಆಕೆ ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಆ ಬಟ್ಟೆ ಎಲ್ಲಿದೆ ಕೊಡಿ. ಒಗೀಬೇಡಿ." ಆ ಬಟ್ಟೆಯನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಆಕೆ ಹೊರಟುಹೋದರು. ಈ ಕಲೆಯ ವಿಚಾರವಾಗಿ ನಾನು ಕಲಿತುದೆಲ್ಲ ಆ ದಿನದಿಂದ ಈಚೆಗೆ.

ನಮ್ಮ ನಾಡಿನಲ್ಲಿ ಚಿತ್ರಕರ್ಮವನ್ನು ಶಾಸ್ತ್ರವಾಗಿ ಬರೆದಿಟ್ಟವರಲ್ಲಿ ಪ್ರಮುಖನು ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ. ಬಸವಣ್ಣನವರ ಕಾಲಕ್ಕೆ ಕೆಲವೇ ದಶಕಗಳ ಮುನ್ನ ಅದೇ ಕಲ್ಯಾಣದಲ್ಲಿ ಆಳಿದ ಈ ಅರಸನ 'ಅಭಿಲಷಿತಾರ್ಥ ಚಿಂತಾಮಣಿ' ಅಥವಾ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಗೋಡೆಯನ್ನು ಸಜ್ಜುಗೊಳಿಸುವುದು, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ತೆಗೆಯುವುದು, ಚಿನ್ನವನ್ನು ಅರೆದು ಲೇಪಿಸಿ ಹಂದಿಯ ಕೋರೆಯಿಂದ ಉಜ್ಜಿ ಹೊಳಪು ಬರಿಸುವುದು ಮೊದಲಾದ ವಿವರಗಳಿವೆ. ಸುಮಾರು ಆರು ಶತಮಾನಗಳ ತರುವಾಯ, 1709ರಲ್ಲಿ, ವೀರಶೈವ ದೊರೆಯಾದ ಕೆಳದಿಯ ಬಸವಪ್ಪನಾಯಕನು ರಚಿಸಿದ 'ಶಿವತತ್ತ್ವ ರತ್ನಾಕರ'ದಲ್ಲಿಯೂ ಚಿತ್ರವಿದ್ಯೆಗೆ ಸ್ಥಾನವುಂಟು. ಅರಸುತನದ ಕೆಲಸದ ನಡುವೆ ಬಣ್ಣ ಅರೆಯುವ ಕ್ರಮವನ್ನು ಬರೆಯಲು ಬಿಡುವು ಮಾಡಿಕೊಂಡವರು ಇವರು. ಶಾಲಾ ವೇಳಾಪಟ್ಟಿಯಲ್ಲಿ ಚಿತ್ರಕಲೆಗೆ ವಾರಕ್ಕೊಂದು ಅವಧಿಯನ್ನು ಕೇಳಿ ಪಡೆಯಬೇಕಾದ ನನ್ನಂಥವನಿಗೆ ಇದು ಸಮಾಧಾನದ ಸಂಗತಿ.

ಇಂದು ನಾವು ಕಾಣುವ ಪಟಗಳ ನೇರ ಮೂಲ ವಿಜಯನಗರದ ಚಿತ್ರಪರಂಪರೆ. ಹಂಪೆಯ ವಿರೂಪಾಕ್ಷ ದೇವಾಲಯದ ಮೇಲ್ಚಾವಣಿಯಲ್ಲಿ, ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ ಅದರ ಮಾದರಿಗಳು ಉಳಿದಿವೆ. 1565ರ ರಕ್ಕಸತಂಗಡಿ ಯುದ್ಧದ ನಂತರ ಆಶ್ರಯ ತಪ್ಪಿದ ಚಿತ್ರಗಾರರು ಸಣ್ಣ ಸಂಸ್ಥಾನಗಳ ಕಡೆಗೆ ಹಂಚಿಹೋದರು. ತಂಜಾವೂರಿಗೆ ಹೋದವರ ಪರಂಪರೆ ಒಂದು ಬಗೆಯಾಗಿ ಬೆಳೆಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಅಲ್ಲಿ ನೆಲೆ ನಿಂತವರ ಪರಂಪರೆ ಮತ್ತೊಂದು ಬಗೆಯಾಯಿತು. ಎರಡನೆಯದಕ್ಕೆ ಪೂರ್ಣ ರೂಪ ಬಂದದ್ದು 1799ರಲ್ಲಿ ಪಟ್ಟಕ್ಕೆ ಬಂದು 1868ರಲ್ಲಿ ಕಾಲವಾದ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ. ಆಳುವ ಅಧಿಕಾರವನ್ನು ಬ್ರಿಟಿಷರು 1831ರಲ್ಲಿ ಕಿತ್ತುಕೊಂಡ ಮೇಲೆಯೂ ಈ ಅರಸರು ಚಿತ್ರ, ಗ್ರಂಥ, ಸಂಗೀತಗಳ ಪೋಷಣೆಯನ್ನು ಬಿಡಲಿಲ್ಲ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳು ಇದಕ್ಕೆ ಸಾಕ್ಷಿ.

ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂಬಿವು ಮೊದಲಾಗಿ ಒಂಬತ್ತು ನಿಧಿಗಳಾಗಿ ವಿಂಗಡಿಸಿದ ಈ ಬೃಹದ್ಗ್ರಂಥದಲ್ಲಿ ಪ್ರತಿಯೊಂದು ದೇವತೆಗೂ ಧ್ಯಾನಶ್ಲೋಕ, ಅದಕ್ಕೆ ಅನುಗುಣವಾದ ಚಿತ್ರ ಇವೆ. ಎಷ್ಟು ಕೈಗಳು, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು ಎಂಬುದನ್ನೆಲ್ಲ ಚಿತ್ರಗಾರನು ಅದರಿಂದ ತಿಳಿಯಬಹುದಾಗಿತ್ತು. ಒಮ್ಮೆ ಈ ವಿಷಯವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ಹಾಸನದ ಹುಡುಗಿಯೊಬ್ಬಳು, "ಹಾಗಾದರೆ ನಮ್ಮ ಹಾಸನಾಂಬೆಯನ್ನು ಬರೆಯುವುದು ಹೇಗೆ?" ಎಂದು ಕೇಳಿದಳು. ವರ್ಷಕ್ಕೊಮ್ಮೆ, ಆಶ್ವಯುಜ ಮಾಸದಲ್ಲಿ ಮಾತ್ರ ಬಾಗಿಲು ತೆರೆಯುವ ಆ ಗುಡಿಯಲ್ಲಿ ದೇವಿಯು ಹುತ್ತದ ರೂಪದಲ್ಲಿದ್ದಾಳೆ. ಕೈಯ ಲೆಕ್ಕ, ಆಯುಧದ ಲೆಕ್ಕ ಅಲ್ಲಿ ನಡೆಯದು. ಕಣ್ಣು, ಕುಂಕುಮ, ಒಡವೆಗಳಿಂದ ಅಲಂಕರಿಸಿದ ಆ ರೂಪವನ್ನು ನೋಡಿದ್ದನ್ನು ನೋಡಿದಂತೆ ಬರೆ ಎಂದು ಹೇಳಿದೆನು. ಅವಳು ಬರೆದು ತಂದ ಚಿತ್ರದಲ್ಲಿ ಒಡವೆ ಮಾತ್ರ ಶಾಸ್ತ್ರೋಕ್ತವಾಗಿತ್ತು; ಅದಕ್ಕೆ ಪೂರ್ಣಾಂಕಗಳನ್ನು ಕೊಟ್ಟೆನು.

ಇನ್ನು ರಚನೆಯ ಕ್ರಮ. ಹಳೆಯ ಕೆಲಸಗಾರರು ಕಾಗದವನ್ನು ಬಟ್ಟೆಗೂ ಬಟ್ಟೆಯನ್ನು ಮರದ ಹಲಗೆಗೂ ಅಂಟಿಸಿ, ಒಣಗಿದ ಮೇಲೆ ತಿಕ್ಕಿ ನುಣುಪು ಮಾಡುತ್ತಿದ್ದರು. ಹುಣಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ರೇಖೆ. ತಪ್ಪಿದರೆ ಬಟ್ಟೆಯಿಂದ ಕೊಡವಿದರೆ ಸಾಕು, ಹೋಗುತ್ತದೆ. ಅಳಿಲಿನ ಕೂದಲಿನಿಂದ ಕಟ್ಟಿದ ಕುಂಚ ಸೂಕ್ಷ್ಮ ರೇಖೆಗಳಿಗೆ. ಬಣ್ಣಗಳು ಕಲ್ಲು, ಗಿಡ, ಮಸಿಗಳಿಂದ ಬಂದವು: ಕೆಂಪಿಗೆ ಇಂಗಳೀಕ, ಹಳದಿಗೆ ಅರಿದಾಳ, ನೀಲಿಗೆ ನೀಲಿಗಿಡ, ಕಪ್ಪಿಗೆ ದೀಪದ ಕಾಡಿಗೆ, ಬಿಳುಪಿಗೆ ಸೀಸದಿಂದಾದ ಸಫೇದ. ಇಲ್ಲಿ ಅಧ್ಯಾಪಕ ಮಿತ್ರರಿಗೆ ಒಂದು ಎಚ್ಚರಿಕೆ. ಇಂಗಳೀಕದಲ್ಲಿ ಪಾದರಸವಿದೆ, ಅರಿದಾಳದಲ್ಲಿ ಆರ್ಸೆನಿಕ್ ಇದೆ, ಸಫೇದದಲ್ಲಿ ಸೀಸವಿದೆ. ಸಂಪ್ರದಾಯದ ಮೇಲಿನ ಅಭಿಮಾನದಿಂದ ಇವನ್ನು ಮಕ್ಕಳ ಕೈಗೆ ಕೊಡಬಾರದು. ಸಫೇದಕ್ಕೆ ಬದಲಾಗಿ ಸತುವಿನ ಬಿಳುಪು ಅಥವಾ ಸೀಮೆಸುಣ್ಣದ ಪುಡಿ ಸಾಕು.

ಈ ಕಲೆಯ ಜೀವಾಳವಾದುದು ಉಬ್ಬುಗೆಲಸ. ಸಫೇದದ ನಯವಾದ ಪುಡಿಯನ್ನು ಜಾಲಿಸಿ, ಒಳ್ಳೆಯ ಗೋಂದಿನ ನೀರಿನಲ್ಲಿ ಕಲಸಿ, ರೇವಣ ಚಿನ್ನಿಯ ಹಾಲೆಂಬ ಹಳದಿ ಅಂಟನ್ನು ಸೇರಿಸಿ ಅರೆಯಬೇಕು. ಈ ಅರೆತಕ್ಕೆ ಗಂಟೆಗಳೇ ಬೇಕು. ಒಂದು ಕಾಳು ಉಳಿದರೂ ಮುಂದೆ ಚಿನ್ನದ ಮೇಲೆ ಮೊಡವೆಯಂತೆ ಎದ್ದು ಕಾಣುತ್ತದೆ. ಈ ಲೇಪವನ್ನು ಕುಂಚದ ತುದಿಯಿಂದ ಹಾರದ ಮಣಿ, ಕಿರೀಟದ ಎಸಳು, ಸೆರಗಿನ ಬಳ್ಳಿ ಇರುವೆಡೆ ಸಣ್ಣ ಸಣ್ಣದಾಗಿ ಇಡುತ್ತಾ ಬರಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬಣ್ಣಕ್ಕೆ ಮೊದಲೇ ಇದನ್ನು ಮಾಡುವವರುಂಟು, ಬಣ್ಣ ತುಂಬಿದ ಮೇಲೆ ಮಾಡುವವರೂ ಉಂಟು. ಲೇಪ ಹಳದಿಯಾಗಿರುವುದರಿಂದ ಮೇಲಿನ ರೇಕು ಎಲ್ಲಿಯಾದರೂ ಬಿರಿದರೆ ಒಳಗಿನ ಹಳದಿ ಕಾಣುತ್ತದೆಯೇ ಹೊರತು ಬಿಳುಪು ಕಣ್ಣಿಗೆ ಹೊಡೆಯುವುದಿಲ್ಲ.

ಅನಂತರ ರೇಕು. ಚಿನ್ನದಷ್ಟು ಬಡಿತವನ್ನು ತಾಳುವ ಲೋಹ ಬೇರೊಂದಿಲ್ಲ. ಇಂದು ದೊರೆಯುವ ತೆಳುವಾದ ರೇಕು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ದಪ್ಪವಿರುತ್ತದೆ. ಅಂತಹ ಸಾವಿರ ರೇಕುಗಳನ್ನು ಒಂದರ ಮೇಲೊಂದಿಟ್ಟರೆ ನಮ್ಮ ಬರೆಯುವ ಕಾಗದದ ಒಂದು ಹಾಳೆಯ ದಪ್ಪವಾದೀತು. ಒಂದು ಗ್ರಾಂ ಚಿನ್ನವು ಸುಮಾರು ಅರ್ಧ ಚದರ ಮೀಟರ್ ಹರಡುತ್ತದೆ. ವಿಜ್ಞಾನದ ಅಧ್ಯಾಪಕರು ಸಾಂದ್ರತೆಯ ಪಾಠದಲ್ಲಿ ಈ ಲೆಕ್ಕವನ್ನು ಮಾಡಿಸಿದರೆ ಮಕ್ಕಳು ಬೇಗ ಮರೆಯಲಾರರು. ಇಂತಹ ರೇಕನ್ನು ಕೈಯಲ್ಲಿ ಮುಟ್ಟುವಂತಿಲ್ಲ, ಬೆರಳಿಗೆ ಅಂಟಿ ಹರಿಯುತ್ತದೆ. ಉಸಿರು ಬಿಟ್ಟರೆ ಹಾರುತ್ತದೆ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಉಬ್ಬಿನ ಮೇಲೆ ಗೋಂದನ್ನು ಸವರಿ, ಅದು ಇನ್ನೇನು ಒಣಗಬೇಕು ಎನ್ನುವ ಹೊತ್ತಿಗೆ ರೇಕನ್ನು ಇಳಿಸಬೇಕು. ಬೇಗ ಇಳಿಸಿದರೆ ಮುಳುಗುತ್ತದೆ, ತಡವಾದರೆ ಹಿಡಿಯುವುದಿಲ್ಲ. ಮೇಲೆ ತೆಳುಕಾಗದವನ್ನಿಟ್ಟು ನುಣುಪಾದ ಕಲ್ಲಿನಿಂದ ಮೃದುವಾಗಿ ಉಜ್ಜಿದಾಗ ಉಬ್ಬಿನ ಒಂದೊಂದು ಚುಕ್ಕೆಯೂ ಚಿನ್ನದಲ್ಲಿ ಮೂಡುತ್ತದೆ. ಅತ್ತಿತ್ತ ಉಳಿದ ಚೂರುಗಳನ್ನು ಒಣಕುಂಚದಿಂದ ಒಟ್ಟುಗೂಡಿಸಿ ತೆಗೆದಿಡುತ್ತಾರೆ. ಕೆಂಪು ಹಸಿರು ಕಲ್ಲುಗಳಿರಬೇಕಾದಲ್ಲಿ ಆ ಬಣ್ಣಗಳ ಬೊಟ್ಟು. ಕಡೆಯಲ್ಲಿ ಮುಖ, ಮುಖದಲ್ಲಿಯೂ ಕಡೆಯದಾಗಿ ಕಣ್ಣು.

ತಂಜಾವೂರಿನ ಪಟಗಳಿಗೂ ಇವುಗಳಿಗೂ ಇರುವ ವ್ಯತ್ಯಾಸವನ್ನು ನೋಡುವವರು ಮೊದಲು ಪಟವನ್ನು ಪಕ್ಕದಿಂದ ನೋಡಬೇಕು. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಗಾಜಿನ ಹರಳುಗಳ ಜೋಡಣೆ, ತುಂಬುಮೈಯ ಆಕೃತಿಗಳು. ಅಲ್ಲಿ ಬೆಳ್ಳಿಯ ರೇಕಿಗೆ ಚಿನ್ನದ ಲೇಪ ಕೊಟ್ಟು ಬಳಸುವುದೂ ಉಂಟು. ಮೈಸೂರಿನದರಲ್ಲಿ ಉಬ್ಬು ಅಂಗೈಗೆ ತಿಳಿಯುವಷ್ಟು ಮಾತ್ರ, ಹರಳಿಲ್ಲ, ರೇಖೆ ಸಪೂರ. ಒಂದರ ಹೆಚ್ಚಳವನ್ನು ಹೇಳಿ ಇನ್ನೊಂದನ್ನು ಹಳಿಯುವುದು ತರವಲ್ಲ. ಮುಮ್ಮಡಿಯವರ ಆಸ್ಥಾನದ ಚಿತ್ರಗಾರರಲ್ಲಿ ತಂಜಾವೂರು ಕೊಂಡಯ್ಯನೆಂಬ ಹೆಸರು ಕೇಳಿಬರುವುದರಿಂದಲೇ ಇವೆರಡರ ನಡುವೆ ಹೋಗುಬರವು ಇದ್ದಿತೆಂದು ತಿಳಿಯಬಹುದು. ಆದರೂ ನನ್ನ ಸ್ವಂತ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಈಗ ಸಣ್ಣ ಊರುಗಳಲ್ಲಿಯೂ ಸಿದ್ಧ ಲೇಪ, ಹರಳು, ರೇಕುಗಳನ್ನು ಪೊಟ್ಟಣದಲ್ಲಿ ತಂದು ವಾರದಲ್ಲಿ ಒಂದು ಪಟ ಮುಗಿಸುವ ಅಭ್ಯಾಸ ಬಂದಿದೆ. ಗೃಹಿಣಿಯರು, ನಿವೃತ್ತರು ಆಸೆಯಿಂದ ಕಲಿಯುತ್ತಾರೆ, ಅದು ಸಂತೋಷವೇ. ಆದರೆ ರೇಖೆಯನ್ನು ಅಚ್ಚಿನಿಂದ ಇಳಿಸಿಕೊಂಡು ಚಿನ್ನವನ್ನು ಮಾತ್ರ ಕೈಯಿಂದ ಹಚ್ಚಿದಾಗ, ಒಡವೆ ಹೊಳೆಯುತ್ತದೆ, ತೊಟ್ಟವರ ಮುಖ ಸಪ್ಪೆಯಾಗಿರುತ್ತದೆ. ಮೊದಲ ಆರು ತಿಂಗಳು ಚಿನ್ನವನ್ನು ಮುಟ್ಟದೆ ಇದ್ದಿಲು ಹಿಡಿದು ಕೈ, ಪಾದ, ಮುಖಗಳನ್ನು ಬರೆಯಲು ಹೇಳುವ ಗುರು ದೊರೆತರೆ ಕಲಿಯುವವರ ಪುಣ್ಯ.

ರೇಖೆಯನ್ನು ಕಣ್ಣಾರೆ ಕಾಣಬಯಸುವವರು ಮೈಸೂರಿನವರೆಗೆ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನೋಡಿ ಬೆಟ್ಟವಿಳಿದು ಬಂದವರು ಊರಿನೊಳಗಿನ ಜೈನಮಠದ ಗೋಡೆಗಳನ್ನು ನೋಡದೆಯೇ ಬಸ್ಸು ಹತ್ತುವುದು ಸಾಮಾನ್ಯ. ಅಲ್ಲಿ ತೀರ್ಥಂಕರರ ಜೀವನದ ಪ್ರಸಂಗಗಳು, ನಾಗಕುಮಾರನ ಕಥೆ, ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಚಿತ್ರಿತವಾಗಿವೆ. ಷಡ್ಲೇಶ್ಯೆಗಳ ಚಿತ್ರವನ್ನು ನಾನು ಮಕ್ಕಳಿಗೆ ತಪ್ಪದೆ ತೋರಿಸುತ್ತೇನೆ. ಒಂದು ಹಣ್ಣಿನ ಮರ, ಅದರ ಬಳಿ ಆರು ಮಂದಿ. ಒಬ್ಬನು ಮರವನ್ನು ಬುಡದಿಂದಲೇ ಕಡಿಯಹೊರಟವನು, ಇನ್ನೊಬ್ಬನು ಕೊಂಬೆಯನ್ನು ಬಯಸಿದವನು. ಹೀಗೆಯೇ ಆಸೆ ಕಿರಿದಾಗುತ್ತಾ ಬಂದು ಕಡೆಯವನು ನೆಲಕ್ಕೆ ಬಿದ್ದ ಹಣ್ಣಿನಿಂದ ತೃಪ್ತನಾದವನು. ಜೈನಶಾಸ್ತ್ರವು ಈ ಆರು ಮನೋಭಾವಗಳಿಗೆ ಆರು ಬಣ್ಣಗಳನ್ನು ಹೇಳುತ್ತದೆ: ಕಪ್ಪು, ನೀಲಿ, ಪಾರಿವಾಳದ ಬೂದು, ಹಳದಿ, ಕಮಲದ ಬಣ್ಣ, ಬಿಳುಪು. ಬಣ್ಣವೆಂದರೆ ಅಂಗಡಿಯ ಟ್ಯೂಬು ಎಂದು ತಿಳಿದ ಮಕ್ಕಳು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ.

ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅದರ ಹೊರಗೋಡೆಯ ವಿಗ್ರಹಗಳನ್ನು ಕಡೆದ ಬೈಚೋಜ, ಮಲ್ಲಿತಮ್ಮರ ಹೆಸರುಗಳು ಕಲ್ಲಿನ ಮೇಲೆಯೇ ಇವೆ. ಬೇಲೂರಿನಲ್ಲಿ ದಾಸೋಜ, ಚಾವಣರ ಹೆಸರುಗಳಿವೆ. ಹೊಯ್ಸಳ ಶಿಲ್ಪಿಗಳು ಕಲ್ಲಿನಲ್ಲಿ ಕೊರೆದ ಹಾರ, ಕಟಕ, ಕಿರೀಟಗಳ ಸೊಗಸನ್ನು ಪಟದ ಚಿನ್ನದ ಕೆಲಸದ ಜೊತೆಗಿಟ್ಟು ನೋಡಿದರೆ ಆಭರಣವನ್ನು ಕಂಡರಿಸುವ ರುಚಿ ನಮ್ಮ ಸೀಮೆಗೆ ಹೊಸದಲ್ಲವೆಂಬುದು ತಿಳಿಯುತ್ತದೆ. ಆದರೆ ಶಿಲ್ಪಿಗೆ ದೊರೆತ ಹೆಸರಿನ ಭಾಗ್ಯ ಪಟದ ಚಿತ್ರಗಾರನಿಗೆ ದೊರೆಯಲಿಲ್ಲ. ನಾನು ನೋಡಿದ ಪಟಗಳಲ್ಲಿ ಬರೆದವರ ಹೆಸರಿದ್ದುದು ಒಂದೇ ಒಂದು. ಅದೂ ಹಿಂಬದಿಯ ಹಲಗೆಯ ಮೇಲೆ, ಅರ್ಧ ಗೆದ್ದಲು ತಿಂದು.

ಮುಮ್ಮಡಿಯವರ ನಂತರ ಈ ಕಲೆಗೆ ಆಶ್ರಯ ಕುಗ್ಗಿತು. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಲಕ್ಷ್ಮಿ ಸರಸ್ವತಿಯರ ಅಚ್ಚಿನ ಚಿತ್ರಗಳು ಕೆಲವೇ ಆಣೆಗಳಿಗೆ ಮನೆಮನೆಗೆ ಬಂದವು. ಬಡವನ ಗುಡಿಸಲಿಗೂ ದೇವರ ಚಿತ್ರ ಬಂದದ್ದು ದೊಡ್ಡ ಉಪಕಾರವೇ. ಕೈಕೆಲಸದವನ ಹೊಟ್ಟೆಯ ಮೇಲೆ ಬಿದ್ದ ಪೆಟ್ಟೂ ಅಷ್ಟೇ ನಿಜ. ಆದರೂ ಮೈಸೂರಿನ ಕೆಲವು ಮನೆತನಗಳು ವಿದ್ಯೆಯನ್ನು ಬಿಡದೆ ಉಳಿಸಿದವು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ಹಳೆಯ ಪಟಗಳನ್ನು ಸಂಗ್ರಹಿಸಿ ಪ್ರದರ್ಶನಕ್ಕಿಟ್ಟಿತು. ಈ ಶತಮಾನದ ಮೊದಲ ದಶಕದಲ್ಲಿ 'ಮೈಸೂರು ಸಾಂಪ್ರದಾಯಿಕ ಚಿತ್ರಗಳು' ಎಂಬ ಹೆಸರಿಗೆ ಭೌಗೋಳಿಕ ಗುರುತಿನ ನೋಂದಣಿಯೂ ಆಯಿತು.

ವಸ್ತುಸಂಗ್ರಹಾಲಯಕ್ಕೆ ಸೇರಿದವುಗಳ ಚಿಂತೆ ನಮಗೆ ಬೇಡ. ಮನೆಗಳಲ್ಲಿರುವವುಗಳ ಗತಿಯೇ ಬೇರೆ. ಚಿನ್ನಕ್ಕೆ ಗಾಳಿಯಿಂದ ಕೇಡಿಲ್ಲ. ನೂರು ವರ್ಷವಾದರೂ ಅದು ಕಪ್ಪಾಗದು. ಆದರೆ ಅದನ್ನು ಹಿಡಿದಿರುವುದು ನೀರಿನಲ್ಲಿ ಕರಗುವ ಗೋಂದು. ನಾನು ಒದ್ದೆ ಬಟ್ಟೆಯಿಂದ ಮಾಡಿದ ಕೆಲಸವನ್ನು ಮಳೆಗಾಲದಲ್ಲಿ ಸೋರುವ ಗೋಡೆ ನಿಧಾನವಾಗಿ ಮಾಡುತ್ತದೆ. ಹೊಗೆ ಮತ್ತು ಕೊಳಕು ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿದರೆ ಸೀಸದ ಬಿಳುಪು ಕಪ್ಪಾಗುತ್ತದೆ. ದೇವರ ಮುಖ ಕಪ್ಪಿಟ್ಟಿತೆಂದು ಅಪಶಕುನಕ್ಕೆ ಹೆದರಿ ಪಟವನ್ನು ಹೊಳೆಗೆ ಬಿಟ್ಟ ಮನೆಯೊಂದನ್ನು ನಾನು ಬಲ್ಲೆ. ಅದು ಅಪಶಕುನವಲ್ಲ, ರಸಾಯನಕ್ರಿಯೆ ಎಂದು ಹೇಳಲು ನಾನು ಹೋಗುವ ವೇಳೆಗೆ ಹೊತ್ತು ಮೀರಿತ್ತು. ಭಕ್ತಿಯಿಂದ ಗಾಜು ತೆಗೆದು ಚಿತ್ರಕ್ಕೇ ಕುಂಕುಮ ಹಚ್ಚುವುದು ಇನ್ನೊಂದು ಕೇಡು. ಎಲ್ಲಕ್ಕಿಂತ ಹೆಚ್ಚಿನದು 'ಹೊಸದು ಮಾಡಿಸುವುದು'. ಉದುರಿದ ಚಿನ್ನದ ಜಾಗಕ್ಕೆ ಹಿತ್ತಾಳೆಯ ಪುಡಿಯ ಬಣ್ಣ ಬಳಿದು, ಮೇಲೆ ವಾರ್ನಿಷ್ ಹೊಡೆಯುತ್ತಾರೆ. ಕೆಲವು ವರ್ಷಗಳಲ್ಲಿ ಆ ಪುಡಿ ಹಸಿರುಗಪ್ಪಾಗುತ್ತದೆ, ವಾರ್ನಿಷ್ ಹಳದಿಯಾಗುತ್ತದೆ, ಅವುಗಳನ್ನು ತೆಗೆಯಹೋದರೆ ಅಡಿಯ ಚಿನ್ನವೂ ಬರುತ್ತದೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಮಹಾದಾನಿಗಳಲ್ಲಿ ನನ್ನ ವಿನಂತಿ ಇದು. ಮನೆಯಲ್ಲಿ ಇಂತಹ ಪಟವಿದ್ದರೆ ಗಾಜಿನ ಹೊರಮೈಯನ್ನು ಮಾತ್ರ ಒಣಬಟ್ಟೆಯಿಂದ ಒರೆಸಿ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಪಟ್ಟಿ ಕೊಡಿಸಿ. ಒದ್ದೆ ಗೋಡೆಯಿಂದ, ಅಡುಗೆಮನೆಯ ಪಕ್ಕದಿಂದ ತೆಗೆದು ಬೇರೆ ಕಡೆಗೆ ಹಾಕಿ. ದೀಪ ಒಂದು ಮಾರು ದೂರವಿರಲಿ. ಆ ದೂರದಿಂದ ಚಿನ್ನ ಇನ್ನೂ ಚೆನ್ನಾಗಿ ಕಾಣುತ್ತದೆ. ಉದುರಿದ್ದರೆ ಉದುರಿದಂತೆಯೇ ಬಿಡಿ. ಹಿಂಬದಿಯಲ್ಲಿ ಬರಹವಿದ್ದರೆ, ಎಷ್ಟೇ ಮಾಸಿದ್ದರೂ, ಅದನ್ನು ನಕಲು ಮಾಡಿಡಿ. ಪಟ ಯಾವ ಊರಿನಿಂದ, ಯಾರ ಮದುವೆಗೋ ಗೃಹಪ್ರವೇಶಕ್ಕೋ ಬಂದಿತೆಂಬುದನ್ನು ಮನೆಯ ಹಿರಿಯರಿಂದ ಈಗಲೇ ಕೇಳಿ ಬರೆದುಕೊಳ್ಳಿ. ಶಾಲೆಗೆ ಪಟವನ್ನು ತರುವುದು ಬೇಡ. ಒಂದು ಕಾಗದ ಬರೆದು ತಿಳಿಸಿದರೆ ನಾನೇ ಬಂದು, ಮುಟ್ಟದೆ, ಅಳತೆ ತೆಗೆದು, ಛಾಯಾಚಿತ್ರ ಹಿಡಿದುಕೊಂಡು ಹೋಗುತ್ತೇನೆ. ನಾಲ್ಕು ತಾಲ್ಲೂಕುಗಳಲ್ಲಿ ಇಂತಹವು ಎಷ್ಟಿವೆಯೆಂಬ ಒಂದು ಪಟ್ಟಿಯಾದರೂ ಈ ವಿದ್ಯಾಲಯದಲ್ಲಿ ಉಳಿಯಲೆಂಬುದು ನನ್ನ ಆಸೆ.

ಹೊಳೆನರಸೀಪುರದ ಆ ಮನೆಗೆ ಕಳೆದ ವರ್ಷ ಹೋಗಿದ್ದೆನು. ಅಜ್ಜಿ ಈಗಿಲ್ಲ. ಪಂಚೆಯಲ್ಲಿ ಪಟ ತಂದಿದ್ದ ಹುಡುಗನಿಗೆ ಈಗ ಮೊಮ್ಮಕ್ಕಳು. ಪಟಕ್ಕೆ ಹೊಸ ಗಾಜು ಬಂದಿದೆ, ಕಮಾನಿನ ಬೋಳು ಭಾಗವನ್ನು ಯಾರಿಂದಲೂ ತಿದ್ದಿಸಿಲ್ಲ. ಚೌಕಟ್ಟಿನ ಹಿಂದೆ ಕೈಹಾಕಿ ಆತನು ಸಣ್ಣದೊಂದು ಗಂಟನ್ನು ತೆಗೆದು ತೋರಿಸಿದನು. ಬಟ್ಟೆ ಕಂದಿತ್ತು. ಮಡಿಕೆಯನ್ನು ಬಿಚ್ಚಿದಾಗ ಅದರಲ್ಲಿ ಚಿನ್ನ ಹಾಗೆಯೇ ಇದ್ದಿತು.